ಎಲೆಕ್ಟ್ರಿಕ್ ಕಾರು (ಇವಿ) ತೆಗೆದುಕೊಳ್ಳಬೇಕಾ, ಬೇಡವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಲೆಕ್ಕಗಳೆಲ್ಲ ಕರ್ನಾಟಕದ ರಸ್ತೆ, ಕರ್ನಾಟಕದ ಕರೆಂಟು, 2025ರ ದರಗಳ ಮೇಲೆ ನಿಂತಿವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಯಾವ ಕಾರು ಅನ್ನುವುದಕ್ಕಿಂತ, ಅದು ರಾತ್ರಿ ಎಲ್ಲಿ ನಿಲ್ಲುತ್ತದೆ ಅನ್ನುವುದು ಮುಖ್ಯ. ಉಳಿದದ್ದೆಲ್ಲ ಆಮೇಲಿನ ಮಾತು.

## ಮೊದಲು ಕೇಳುವ ಪ್ರಶ್ನೆಗಳು

ಸುಮ್ನೆ ಸುತ್ತಿ ಬಳಸಿ ಹೇಳಬೇಡಿ. ನನಗೆ ಸರಿಹೋಗುತ್ತಾ, ಇಲ್ವಾ?

ನಿಮ್ಮದೇ ಪಾರ್ಕಿಂಗ್ ಜಾಗ ಇದೆಯಾ? ಅಲ್ಲಿಗೆ ನಿಮ್ಮ ಮೀಟರ್‌ನಿಂದ ಕರೆಂಟು ಎಳೆಯಬಹುದಾ? ತಿಂಗಳಿಗೆ 800–1,000 ಕಿ.ಮೀ. ಆದರೂ ಓಡಿಸುತ್ತೀರಾ? ಮೂರಕ್ಕೂ ಹೌದು ಅಂದರೆ ಧೈರ್ಯವಾಗಿ ತೆಗೆದುಕೊಳ್ಳಿ. ಮೊದಲೆರಡಕ್ಕೆ ಇಲ್ಲ ಅಂದರೆ, ಕಾರು ಎಷ್ಟೇ ಚೆನ್ನಾಗಿದ್ದರೂ ಸದ್ಯಕ್ಕೆ ಬೇಡ. ಮೂರನೆಯದಕ್ಕೆ ಮಾತ್ರ ಇಲ್ಲ ಅಂದರೆ ದುಡ್ಡು ಉಳಿಯುವುದಿಲ್ಲ, ಆದರೆ ಬೇರೆ ಕಾರಣಗಳಿಗೆ ಇಷ್ಟವಾಗಬಹುದು.

ಕಂಪನಿಯವರು 300 ಅಂತಾರೆ, ಓಡಿಸೋರು 200 ಅಂತಾರೆ. ಯಾರ ಮಾತು ನಂಬೋದು?

ಓಡಿಸುವವರ ಮಾತು ನಂಬಿ. ಜನವರಿ 2020ರಲ್ಲಿ ಟಾಟಾ ನೆಕ್ಸಾನ್ ಇವಿ ಬಂದಾಗ ಅದರ ಬ್ಯಾಟರಿ 30.2 ಕಿಲೋವ್ಯಾಟ್ ಅವರ್, ಅಂದರೆ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 30.2 ಯೂನಿಟ್. ಒಂದು ಸಲ ಪೂರ್ತಿ ಚಾರ್ಜ್ ಮಾಡಿದರೆ ಓಡುತ್ತದೆ ಅಂತ ಕಂಪನಿ ಹೇಳಿದ ದೂರ 312 ಕಿ.ಮೀ. ರಸ್ತೆಯಲ್ಲಿ ಸಿಗುತ್ತಿದ್ದದ್ದು ಸುಮಾರು 200. ಇದು ಸುಳ್ಳು ಅಂತಲ್ಲ. ಆ ಪರೀಕ್ಷೆ ಲ್ಯಾಬ್‌ನಲ್ಲಿ, ರೋಲರ್ ಮೇಲೆ, ನಿಧಾನ ವೇಗದಲ್ಲಿ ನಡೆಯುತ್ತದೆ. ಅಲ್ಲಿ ಏರು ಇಲ್ಲ, ಎದುರು ಗಾಳಿ ಇಲ್ಲ, ಹಿಂದಿನ ಸೀಟಿನಲ್ಲಿ ಮೂರು ಜನ ಇಲ್ಲ.

ಸುಲಭವಾದ ಲೆಕ್ಕ ಒಂದಿದೆ. ಬ್ಯಾಟರಿಯ ಅಳತೆಯನ್ನು ಆರೂವರೆಯಿಂದ ಗುಣಿಸಿ. 30ರ ಬ್ಯಾಟರಿಗೆ 195 ಕಿ.ಮೀ., 45ರ ಬ್ಯಾಟರಿಗೆ 290 ಕಿ.ಮೀ. ಹೆದ್ದಾರಿಯಲ್ಲಿ ಗಂಟೆಗೆ ನೂರರ ಮೇಲೆ ಹೋಗುವವರು ಐದೂವರೆಯಿಂದ ಗುಣಿಸಿಕೊಳ್ಳಿ.

ಪೆಟ್ರೋಲ್ ಕಾರಿಗೆ ಹೋಲಿಸಿದರೆ ಇಲ್ಲಿ ಎಲ್ಲ ಉಲ್ಟಾ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಇವಿ ಕಡಿಮೆ ಕರೆಂಟು ತಿನ್ನುತ್ತದೆ, ಖಾಲಿ ಹೆದ್ದಾರಿಯಲ್ಲಿ ಜಾಸ್ತಿ. ನಿಂತಾಗ ಮೋಟಾರಿಗೆ ಖರ್ಚಿಲ್ಲ, ಬ್ರೇಕ್ ಹಿಡಿದಾಗ ಒಂದಷ್ಟು ವಾಪಸ್ ಬರುತ್ತದೆ. ವೇಗ ಹೆಚ್ಚಾದಂತೆ ಗಾಳಿಯ ಎಳೆತ ತುಂಬಾ ಜೋರಾಗುತ್ತದೆ.

ರೇವಾ ಕಾಲದಿಂದ ನೋಡ್ತಾ ಇದ್ದೀವಿ. ಆಗ ನಡೆಯದ್ದು ಈಗ ಹೇಗೆ ನಡೆಯುತ್ತೆ?

ನ್ಯಾಯವಾದ ಪ್ರಶ್ನೆ. 2001ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ರೇವಾ, ಲಂಡನ್ ರಸ್ತೆಗಳಲ್ಲೂ ಓಡಿತು. ಅಲ್ಲಿ ಅದರ ಹೆಸರು ಜಿ-ವಿಜ್. ಆದರೆ ಒಳಗಿದ್ದದ್ದು ಮನೆಯ ಯುಪಿಎಸ್ ಜಾತಿಯ ಲೆಡ್ ಆಸಿಡ್ ಬ್ಯಾಟರಿ. ಭಾರ ಜಾಸ್ತಿ, ಆಯಸ್ಸು ಕಡಿಮೆ, ಓಡುತ್ತಿದ್ದದ್ದು 80 ಕಿ.ಮೀ. ಒಳಗೆ. ಇಬ್ಬರು ದೊಡ್ಡವರು ಕೂತರೆ ಹಿಂದೆ ಮಕ್ಕಳಿಗಷ್ಟೇ ಜಾಗ. 2010ರಲ್ಲಿ ಮಹೀಂದ್ರಾ ಆ ಕಂಪನಿಯನ್ನು ಕೊಂಡಿತು.

ಆಮೇಲೆ ಬದಲಾದದ್ದು ಮುಖ್ಯವಾಗಿ ಬ್ಯಾಟರಿ. ಲಿಥಿಯಂ ಬ್ಯಾಟರಿಯ ಬೆಲೆ ಹದಿನೈದು ವರ್ಷದಲ್ಲಿ ತೀರಾ ಇಳಿದಿದೆ. ಹಾಗಾಗಿಯೇ ಇವತ್ತು ನಾಲ್ಕೈದು ಜನ ಕೂರುವ, ಹೆದ್ದಾರಿಗೆ ಹೋಗುವ ಕಾರು ಸಿಗುತ್ತಿದೆ. ರೇವಾ ಮಾಡಿದವರು ಕಾಲಕ್ಕಿಂತ ಮುಂದಿದ್ದರು. ಆ ಕೆಲಸದ ಬಗ್ಗೆ ನನಗೆ ತುಂಬಾ ಗೌರವ ಇದೆ.

ಮಳೆಯಲ್ಲಿ ಶಾಕ್ ಹೊಡೆಯಲ್ವಾ?

ಇಲ್ಲ. ಬ್ಯಾಟರಿ ಪೆಟ್ಟಿಗೆ ನೀರು ಹೋಗದಂತೆ ಮುಚ್ಚಿರುತ್ತದೆ. ಹೆಚ್ಚಿನ ಕಾರುಗಳಿಗೆ ಐಪಿ67 ದರ್ಜೆ ಇದೆ. ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯಬೇಕು ಅಂತ. ಎಲ್ಲಾದರೂ ಕರೆಂಟು ಸೋರಿದರೆ ವ್ಯವಸ್ಥೆ ತಾನಾಗಿ ಬಂದ್ ಆಗುತ್ತದೆ. ಮಳೆಯಲ್ಲಿ ಚಾರ್ಜ್ ಮಾಡಬಹುದು, ಆದರೆ ಗೋಡೆಯ ಸಾಕೆಟ್ ಮಾತ್ರ ಸೂರಿನ ಕೆಳಗಿರಬೇಕು.

ಹಾಗಂತ ಸೆಪ್ಟೆಂಬರ್ 2022ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿತಲ್ಲ, ಅಂಥ ನೀರಿಗೆ ಇಳಿಸಬೇಡಿ. ಬೇಸ್‌ಮೆಂಟ್‌ನಲ್ಲಿ ಕಾರು ಮುಳುಗಿದ್ದರೆ ಸ್ಟಾರ್ಟ್ ಮಾಡಲೂಬೇಡಿ, ಚಾರ್ಜ್‌ಗೆ ಹಾಕಲೂಬೇಡಿ. ಲಾರಿಯ ಮೇಲೆ ಹತ್ತಿಸಿ ಸಾಗಿಸಿ.

ಬೆಂಕಿ ಹತ್ತಿಕೊಳ್ಳುತ್ತಂತಲ್ಲ? ಮನೆಯವರು ಅದೊಂದೇ ಕಾರಣಕ್ಕೆ ಬೇಡ ಅಂತಿದ್ದಾರೆ.

2022ರ ಬೇಸಿಗೆಯಲ್ಲಿ ಸ್ಕೂಟರುಗಳಿಗೆ ಸಾಲಾಗಿ ಬೆಂಕಿ ಬಿದ್ದದ್ದು ಎಲ್ಲರ ಮನಸ್ಸಿನಲ್ಲಿದೆ. ಅದಾದ ಮೇಲೆ ಸರ್ಕಾರ ಬ್ಯಾಟರಿ ಸುರಕ್ಷತೆಯ ನಿಯಮ ಬಿಗಿ ಮಾಡಿತು. ದ್ವಿಚಕ್ರಕ್ಕೆ ಎಐಎಸ್ 156, ಕಾರುಗಳಿಗೆ ಎಐಎಸ್ 038ರ ಎರಡನೇ ಪರಿಷ್ಕರಣೆ. ಕಾರಿನ ಬ್ಯಾಟರಿಗೆ ಸಾಮಾನ್ಯವಾಗಿ ತಂಪು ಮಾಡುವ ದ್ರವ ಇರುತ್ತದೆ, ಸೆಲ್‌ಗಳ ಬಿಸಿಯನ್ನು ಸದಾ ನೋಡುವ ಸೆನ್ಸರ್ ಇರುತ್ತವೆ. ಈಗ ಹೆಚ್ಚು ಬಳಕೆಯಲ್ಲಿರುವ, ಲಿಥಿಯಂ ಐರನ್ ಫಾಸ್ಫೇಟ್‌ನ ಎಲ್‌ಎಫ್‌ಪಿ ಸೆಲ್‌ಗಳು ಬಿಸಿಗೆ ಸುಲಭವಾಗಿ ಕೆರಳುವುದಿಲ್ಲ.

ಒಂದು ಮಾತು ಮುಚ್ಚಿಡಬಾರದು. ಇವಿ ಬ್ಯಾಟರಿಗೆ ಬೆಂಕಿ ಬಿದ್ದರೆ ಆರಿಸುವುದು ಕಷ್ಟ. ಆರಿದಂತೆ ಕಂಡು ಮತ್ತೆ ಹತ್ತಬಹುದು. ಆದರೂ ನನಗೆ ಹೆಚ್ಚು ಭಯ ಇರುವುದು ಬ್ಯಾಟರಿಯದ್ದಲ್ಲ, ಮನೆಯ ಹಳೇ ವೈರಿಂಗ್‌ನದ್ದು. ಮನೆಯವರಿಗೆ ಧೈರ್ಯ ಹೇಳುವ ಮೊದಲು ಎಲೆಕ್ಟ್ರಿಷಿಯನ್‌ಗೆ ಹೇಳಿ ಅದನ್ನು ನೋಡಿಸಿ.

ಓಡಿಸೋಕೆ ಹೇಗಿರುತ್ತೆ?

ಹಿತವಾಗಿರುತ್ತದೆ. ಕ್ಲಚ್ ಇಲ್ಲ, ಗೇರ್ ಇಲ್ಲ, ನಡುಕ ಇಲ್ಲ. ಎಡಗಾಲಿಗೆ ಸಿಗುವ ಆರಾಮ ಬೆಂಗಳೂರಿನವರಿಗೆ ಬೇಗ ಗೊತ್ತಾಗುತ್ತದೆ. ಎರಡು ವಿಷಯ ನೆನಪಿಡಿ. ಕಾಲೆತ್ತಿದ ತಕ್ಷಣ ಕಾರು ತಾನೇ ಬ್ರೇಕ್ ಹಿಡಿಯುವ ಸೌಲಭ್ಯವನ್ನು ಜೋರಾಗಿ ಇಟ್ಟುಕೊಂಡರೆ ಹಿಂದೆ ಕೂತವರಿಗೆ ವಾಕರಿಕೆ ಬರುತ್ತದೆ. ವಯಸ್ಸಾದವರು ಇದ್ದಾಗ ಕಡಿಮೆ ಮಾಡಿ. ಇನ್ನೊಂದು, ಓಣಿಯಲ್ಲಿ ಆಡುವ ಮಕ್ಕಳಿಗೆ ಕಾರು ಬಂದದ್ದೇ ಕೇಳುವುದಿಲ್ಲ.

## ದುಡ್ಡಿನ ಲೆಕ್ಕ

ಕಿಲೋಮೀಟರಿಗೆ ಒಂದೇ ರೂಪಾಯಿ ಅಂತಾರೆ. ನಿಜನಾ?

ಮನೆಯಲ್ಲಿ ಚಾರ್ಜ್ ಮಾಡಿದರೆ ಹತ್ತಿರ ಹತ್ತಿರ ನಿಜ. 2025–26ಕ್ಕೆ ಗೃಹಬಳಕೆಯ ಕರೆಂಟು ಯೂನಿಟ್‌ಗೆ 5 ರೂಪಾಯಿ 80 ಪೈಸೆ. ತೆರಿಗೆ, ಸರ್‌ಚಾರ್ಜ್ ಎಲ್ಲ ಸೇರಿ 7 ರೂಪಾಯಿ ಅಂತ ಹಿಡಿಯಿರಿ. ಚಾರ್ಜ್ ಆಗುವಾಗ ಪೋಲಾಗುವುದನ್ನು ಬಿಟ್ಟರೆ ಯೂನಿಟ್‌ಗೆ ಆರೂವರೆ ಕಿ.ಮೀ. ಓಡುತ್ತದೆ. ಅಲ್ಲಿಗೆ ಕಿ.ಮೀ.ಗೆ 1 ರೂಪಾಯಿ 10 ಪೈಸೆ.

ಬೆಂಗಳೂರಿನಲ್ಲಿ ಪೆಟ್ರೋಲ್ ಲೀಟರಿಗೆ ಸುಮಾರು 103. ಹದಿನೈದು ಕಿ.ಮೀ. ಕೊಡುವ ಕಾರಿಗೆ ಕಿ.ಮೀ.ಗೆ 6 ರೂಪಾಯಿ 90 ಪೈಸೆ ಬೀಳುತ್ತದೆ.

ರಸ್ತೆ ಬದಿಯ ಫಾಸ್ಟ್ ಚಾರ್ಜರ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಸೇರಿ ಯೂನಿಟ್‌ಗೆ 20–25 ರೂಪಾಯಿ ಆಗುವುದು ಸಾಮಾನ್ಯ. ಆಗ ಕಿ.ಮೀ.ಗೆ ಮೂರೂವರೆ, ನಾಲ್ಕು ರೂಪಾಯಿ. ಸಿಎನ್‌ಜಿ ಕಾರೂ ಹೆಚ್ಚು ಕಡಿಮೆ ಅಷ್ಟರಲ್ಲೇ ಓಡುತ್ತದೆ. ಹಾಗಾಗಿ ಬರೀ ಫಾಸ್ಟ್ ಚಾರ್ಜರ್ ನಂಬಿ ಇವಿ ತೆಗೆದುಕೊಳ್ಳುವುದರಲ್ಲಿ ಅರ್ಥ ಇಲ್ಲ.

ಜಾಸ್ತಿ ಕೊಟ್ಟ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತೆ?

ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ 3 ಲಕ್ಷ ಜಾಸ್ತಿ ಕೊಟ್ಟಿರಿ ಅಂತ ಇಟ್ಟುಕೊಳ್ಳಿ. ಮನೆಯ ಚಾರ್ಜಿಂಗ್‌ನಲ್ಲಿ ಕಿ.ಮೀ.ಗೆ 5 ರೂಪಾಯಿ 80 ಪೈಸೆ ಉಳಿತಾಯ. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ ವರ್ಷಕ್ಕೆ ಸುಮಾರು 70,000. ನಾಲ್ಕು ವರ್ಷ ಚಿಲ್ಲರೆಗೆ ಸಮ. ತಿಂಗಳಿಗೆ 400 ಕಿ.ಮೀ. ಅಷ್ಟೇ ಅಂದರೆ ವರ್ಷಕ್ಕೆ 28,000. ಹತ್ತು ವರ್ಷ ದಾಟಿದರೂ ಸಮ ಆಗುವುದಿಲ್ಲ.

ಸೆಪ್ಟೆಂಬರ್ 22, 2025ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ, ಮೇಲಿನ ಸೆಸ್ ಕೂಡ ಹೋಗಿದೆ. ಇವಿಗೆ ಮೊದಲಿನ 5 ಪರ್ಸೆಂಟೇ. ಅಂದರೆ ಸಣ್ಣ ಕಾರುಗಳಲ್ಲಿ ಇವಿಗಿದ್ದ ಅನುಕೂಲ ಸ್ವಲ್ಪ ಕರಗಿದೆ. ಹಳೇ ಲೆಕ್ಕ ತೋರಿಸುವ ಮಾರಾಟಗಾರರಿಗೆ ಇದನ್ನು ನೆನಪು ಮಾಡಿ.

ವಾರಕ್ಕೊಮ್ಮೆ ದೇವಸ್ಥಾನಕ್ಕೂ ಮಾರ್ಕೆಟ್‌ಗೂ ಹೋಗಿ ಬರುವ ನಿವೃತ್ತ ದಂಪತಿಗೆ ಇವಿಯಿಂದ ದುಡ್ಡು ಉಳಿಯುತ್ತದೆ ಅಂತ ಹೇಳಿ ಮಾರುವುದು ನನಗೆ ಸರಿ ಕಾಣುವುದಿಲ್ಲ. ದಿನಾ ಮೈಸೂರಿನಿಂದ ಮಂಡ್ಯಕ್ಕೆ ಕೆಲಸಕ್ಕೆ ಹೋಗಿ ಬರುವವರಿಗೆ ಮಾತ್ರ ಇದು ಕಣ್ಣಿಗೆ ಕಾಣುವ ಉಳಿತಾಯ.

ನಮ್ಮನೆಗೆ ಗೃಹಜ್ಯೋತಿ ಇದೆ. ಕಾರೂ ಫ್ರೀಯಾಗಿ ಚಾರ್ಜ್ ಆಗುತ್ತಲ್ವಾ?

ಇಲ್ಲಿ ತುಂಬಾ ಜನ ಲೆಕ್ಕ ತಪ್ಪುತ್ತಾರೆ. ಗೃಹಜ್ಯೋತಿಯಲ್ಲಿ ನಿಮಗೆ ಸಿಗುವುದು 200 ಯೂನಿಟ್ ಅಲ್ಲ. ನಿಮ್ಮ ಹಳೇ ಸರಾಸರಿ ಮತ್ತು ಅದರ ಮೇಲೆ 10 ಪರ್ಸೆಂಟ್. ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗೆ ದುಡ್ಡು. 200 ದಾಟಿದರೆ ಇಡೀ ಬಿಲ್ ನಿಮ್ಮದೇ.

ಸರಾಸರಿ 90 ಯೂನಿಟ್‌ನ ಮನೆ ಅಂದುಕೊಳ್ಳಿ. 1,000 ಕಿ.ಮೀ. ಓಡಿಸಿದರೆ ಕಾರಿಗೆ ಸುಮಾರು 150 ಯೂನಿಟ್. ಒಟ್ಟು 240. ಶೂನ್ಯ ಬರುತ್ತಿದ್ದ ಬಿಲ್ ನಿಗದಿತ ಶುಲ್ಕವೂ ಸೇರಿ 2,000 ರೂಪಾಯಿ ಆಸುಪಾಸಿಗೆ ಹೋಗುತ್ತದೆ. ಅದೆಲ್ಲ ಕಾರಿನ ಖರ್ಚೇ. ಕಿ.ಮೀ.ಗೆ ಎರಡು ರೂಪಾಯಿ ಆಯಿತು. ಪೆಟ್ರೋಲಿಗಿಂತ ಈಗಲೂ ತುಂಬಾ ಕಡಿಮೆ, ಆದರೆ ಮೊದಲೇ ಗೊತ್ತಿರಬೇಕು.

ಇವಿ ಚಾರ್ಜಿಂಗ್‌ಗೆ ಕೆಇಆರ್‌ಸಿ ಬೇರೆ ದರವನ್ನೇ ಇಟ್ಟಿದೆ (ಕರೆಂಟಿನ ದರ ನಿಗದಿ ಮಾಡುವ ರಾಜ್ಯದ ಆಯೋಗ ಅದು). ಕಾರಿಗೆ ಪ್ರತ್ಯೇಕ ಮೀಟರ್ ಸಿಗುತ್ತದಾ ಅಂತ ನಿಮ್ಮ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಕಚೇರಿಯಲ್ಲಿ ಕೇಳಿ.

ಸಬ್ಸಿಡಿ ಎಷ್ಟು ಸಿಗುತ್ತೆ?

ಸ್ವಂತ ಬಳಕೆಯ ಕಾರಿಗೆ ಕೇಂದ್ರದ ಸಬ್ಸಿಡಿ ಇಲ್ಲ. ಫೇಮ್-2 ಅನ್ನುವ ಕೇಂದ್ರದ ಇವಿ ಸಬ್ಸಿಡಿ ಯೋಜನೆ ಇದ್ದಾಗಲೂ ಕಾರುಗಳಲ್ಲಿ ಅದು ಟ್ಯಾಕ್ಸಿಗಳಿಗಷ್ಟೇ ಇತ್ತು. ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಸಿಗುತ್ತಿದ್ದ 80ಇಇಬಿ ವಿನಾಯಿತಿ, ಮಾರ್ಚ್ 31, 2023ರ ಒಳಗೆ ಮಂಜೂರಾದ ಸಾಲಗಳಿಗೆ ಮಾತ್ರ. ಈಗ ಉಳಿದಿರುವ ದೊಡ್ಡ ಅನುಕೂಲ 5 ಪರ್ಸೆಂಟ್ ಜಿಎಸ್‌ಟಿ.

ರೋಡ್ ಟ್ಯಾಕ್ಸ್ ವಿಷಯದಲ್ಲಿ ಕರ್ನಾಟಕ 2016ರಿಂದ ಇವಿಗಳಿಗೆ ಪೂರ್ತಿ ವಿನಾಯಿತಿ ಕೊಟ್ಟಿತ್ತು. 2024ರಲ್ಲಿ 25 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಕಾರಿಗೆ 10 ಪರ್ಸೆಂಟ್ ಜೀವಿತಾವಧಿ ತೆರಿಗೆ ಹಾಕಿತು. ಈ ನಿಯಮಗಳು ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತವೆ. ಬುಕ್ ಮಾಡುವ ದಿನ ಆನ್-ರೋಡ್ ಬೆಲೆಯನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ಸರ್ವಿಸ್ ಖರ್ಚೇ ಇಲ್ವಂತೆ?

ಕಡಿಮೆ, ಆದರೆ ಇದೆ. ಎಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್, ಕ್ಲಚ್ ಪ್ಲೇಟ್ ಯಾವುದೂ ಇಲ್ಲ. ಬ್ರೇಕ್ ಪ್ಯಾಡ್ ಬಹಳ ದಿನ ಬಾಳುತ್ತದೆ. ಟೈರ್ ಮಾತ್ರ ಬೇಗ ಸವೆಯುತ್ತದೆ. ಕಾರಿನ ತೂಕ ಜಾಸ್ತಿ, ಎಳೆತ ಜೋರು. ಕೂಲೆಂಟ್ ಬದಲಿಸಬೇಕು. ಮುಂದೆ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇರುತ್ತದೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎದ್ದೇಳುವುದಿಲ್ಲ. ರಸ್ತೆಯಲ್ಲಿ ನಿಂತುಹೋಗುವ ಇವಿಗಳಲ್ಲಿ ಇದು ಸಾಮಾನ್ಯ ಕಾರಣ.

ನಿಜವಾದ ತೊಂದರೆ ಇನ್ನೊಂದಿದೆ. ಊರಿನ ಗ್ಯಾರೇಜಿನವರು ಇದನ್ನು ಮುಟ್ಟುವಂತಿಲ್ಲ. ಮುನ್ನೂರು ವೋಲ್ಟ್‌ಗೂ ಮೀರಿದ ಕರೆಂಟು, ಅದಕ್ಕೆ ತರಬೇತಿ ಬೇಕು. ನಿಮ್ಮ ತಾಲೂಕಿಗೆ ಹತ್ತಿರದ ಇವಿ ಸರ್ವಿಸ್ ಸೆಂಟರ್ ನೂರು ಕಿ.ಮೀ. ದೂರ ಇದ್ದರೆ ಎರಡು ಸಲ ಯೋಚನೆ ಮಾಡಿ. ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಚಕ್ರ ತಿರುಗಿದರೆ ಮೋಟಾರು ಕರೆಂಟು ಹುಟ್ಟಿಸುತ್ತದೆ. ಲಾರಿಯ ಮೇಲೆ ಹತ್ತಿಸಿಯೇ ಸಾಗಿಸಬೇಕು.

ಬ್ಯಾಟರಿ ಬಾಡಿಗೆಗೆ, ಕಾರು ಸ್ವಂತಕ್ಕೆ ಅಂತ ಒಂದು ಸ್ಕೀಮ್ ಇದೆಯಲ್ಲ, ಹೇಗೆ?

ಸೆಪ್ಟೆಂಬರ್ 2024ರಲ್ಲಿ ಎಂಜಿ ವಿಂಡ್ಸರ್ ಈ ದಾರಿಯಲ್ಲಿ ಬಂತು. ಬ್ಯಾಟರಿ ಬಿಟ್ಟು ಎಕ್ಸ್-ಶೋರೂಂ 9.99 ಲಕ್ಷ, ಬ್ಯಾಟರಿಗೆ ಕಿ.ಮೀ.ಗೆ ಮೂರೂವರೆ ರೂಪಾಯಿ. ಮನೆಯ ಕರೆಂಟು ಸೇರಿಸಿ ಕಿ.ಮೀ.ಗೆ 4 ರೂಪಾಯಿ 60 ಪೈಸೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದು ಓಡಾಟವೂ ಕಡಿಮೆ ಇರುವವರಿಗೆ ಆಗಬಹುದು. ಆದರೆ ತಿಂಗಳಿಗೆ ಇಂತಿಷ್ಟು ಕಿ.ಮೀ.ಗೆ ಕಟ್ಟಲೇಬೇಕು ಅನ್ನುವ ಷರತ್ತು ಇದೆಯಾ ಅಂತ ಓದಿ ನೋಡಿ. ಜಾಸ್ತಿ ಓಡಿಸುವವರಿಗೆ ಇದು ನಷ್ಟ. ಅವರು ಬ್ಯಾಟರಿಯನ್ನೂ ಸೇರಿಸಿ ಕೊಳ್ಳುವುದೇ ಮೇಲು.

## ಮನೆಯಲ್ಲಿ ಚಾರ್ಜಿಂಗ್

ಗೀಸರ್‌ದು ಒಂದು ಪ್ಲಗ್ ಇದೆ. ಅದಕ್ಕೇ ಹಾಕಿದರೆ ನಡೆಯುತ್ತಾ?

ನಡೆಯುತ್ತದೆ, ಆದರೆ ಅದೇ ಪ್ಲಗ್ ಬೇಡ. ಮೀಟರ್ ಬೋರ್ಡ್‌ನಿಂದ ಕಾರಿಗೆಂದೇ ಬೇರೆ ಲೈನ್ ಎಳೆಸಿ. ದಪ್ಪ ತಾಮ್ರದ ವೈರ್, ಒಳ್ಳೆಯ 16 ಆಂಪ್ ಸಾಕೆಟ್, ಲೋಡ್ ಜಾಸ್ತಿಯಾದರೆ ತಾನೇ ಬಂದ್ ಆಗುವ ಎಂಸಿಬಿ, ಶಾಕ್ ತಡೆಯುವ ಆರ್‌ಸಿಸಿಬಿ. ಎಕ್ಸ್‌ಟೆನ್ಷನ್ ಬಾಕ್ಸ್ ಯಾವತ್ತೂ ಬೇಡ. ಕಾರು ಎಂಟು, ಹತ್ತು ಗಂಟೆ ಒಂದೇ ಸಮ ಕರೆಂಟು ಎಳೆಯುತ್ತದೆ. ಗೀಸರ್ ಹಾಗಲ್ಲ.

ಅರ್ತಿಂಗ್ ಸರಿ ಇಲ್ಲದಿದ್ದರೆ ಕಾರು ಚಾರ್ಜ್ ತೆಗೆದುಕೊಳ್ಳುವುದೇ ಇಲ್ಲ. ಹಳೇ ಮನೆಗಳಲ್ಲಿ, ಹಳ್ಳಿಗಳಲ್ಲಿ ಮೊದಲ ದಿನವೇ ಈ ತಲೆನೋವು ಬರುತ್ತದೆ. ಹೊಸ ಅರ್ತ್ ಗುಂಡಿ ತೋಡಿಸಬೇಕಾಗಬಹುದು. ಇಡೀ ಮನೆಗೂ ಅದು ಒಳ್ಳೆಯದು.

ಕಂಪನಿಯವರು 7.2 ಕಿಲೋವ್ಯಾಟ್‌ನ ಗೋಡೆ ಚಾರ್ಜರ್ ಹಾಕಿಸಿ ಅನ್ನುತ್ತಾರೆ. ಅದಕ್ಕೆ ಮಂಜೂರಾದ ಲೋಡ್ ಏರಿಸಬೇಕು. 2025–26ರಲ್ಲಿ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ. 3ರಿಂದ 8ಕ್ಕೆ ಏರಿಸಿದರೆ ಪ್ರತಿ ತಿಂಗಳೂ 725 ರೂಪಾಯಿ ಜಾಸ್ತಿ, ಕಾರು ಓಡಲಿ ಬಿಡಲಿ. ದಿನಕ್ಕೆ 50–60 ಕಿ.ಮೀ. ಓಡಿಸುವವರಿಗೆ 16 ಆಂಪ್ ಸಾಕೆಟ್ ಧಾರಾಳ. ಅದರಲ್ಲಿ ರಾತ್ರಿಯೆಲ್ಲ ಇಟ್ಟರೆ ಇಪ್ಪತ್ತು ಯೂನಿಟ್ ತುಂಬುತ್ತದೆ, ನೂರು ಕಿ.ಮೀ. ಆರಾಮವಾಗಿ ಹೋಗಬಹುದು.

ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ಒಪ್ಪುತ್ತಿಲ್ಲ. ಏನ್ ಮಾಡೋದು?

ಕಾನೂನು ನಿಮ್ಮ ಕಡೆ ಇದೆ. ಮನೆಯ ಈಗಿನ ಸಂಪರ್ಕದಿಂದಲೇ ಕಾರು ಚಾರ್ಜ್ ಮಾಡಿಕೊಳ್ಳಬಹುದು ಅಂತ ಕೇಂದ್ರ ವಿದ್ಯುತ್ ಸಚಿವಾಲಯದ ಮಾರ್ಗಸೂಚಿ ಹೇಳುತ್ತದೆ. ಹೊಸ ಕಟ್ಟಡಗಳ ಪಾರ್ಕಿಂಗ್‌ನಲ್ಲಿ 20 ಪರ್ಸೆಂಟ್ ಜಾಗಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಬೇಕು ಅಂತ 2019ರಲ್ಲೇ ಮಾದರಿ ಕಟ್ಟಡ ನಿಯಮ ತಿದ್ದಿದ್ದಾರೆ.

ಆದರೆ ಅಕ್ಕಪಕ್ಕದವರ ಜೊತೆ ಕಾನೂನು ಹಿಡಿದು ಮಾತಾಡಿದರೆ ಕೆಲಸ ಕೆಡುತ್ತದೆ. ಅವರ ಆತಂಕವೂ ಸುಳ್ಳಲ್ಲ. ಬೇಸ್‌ಮೆಂಟ್‌ನಲ್ಲಿ ಇಪ್ಪತ್ತು ಕಾರು ಒಟ್ಟಿಗೆ ಚಾರ್ಜ್‌ಗೆ ನಿಂತರೆ ಟ್ರಾನ್ಸ್‌ಫಾರ್ಮರ್ ತಾಳುತ್ತದಾ? ವೈರ್ ಹೇಗೆ ಬರುತ್ತದೆ? ಕರೆಂಟು ಯಾರ ಲೆಕ್ಕಕ್ಕೆ? ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರ್ಯಾಕ್ಟರ್‌ನಿಂದ ನಕ್ಷೆ ಬರೆಸಿ, ನಿಮ್ಮ ಮೀಟರ್‌ನಿಂದಲೇ ಪೈಪಿನೊಳಗೆ ವೈರ್ ಬರುತ್ತದೆ ಅಂತ ತೋರಿಸಿ ಸಭೆಗೆ ಹೋಗಿ. ಮೀಟರ್ ರೂಮ್ ದೂರ ಇದ್ದರೆ ಎಲ್ಲರೂ ಸೇರಿ ಎರಡು ಸಾಮಾನ್ಯ ಚಾರ್ಜರ್ ಹಾಕಿಸಿ, ಆ್ಯಪ್‌ನಲ್ಲಿ ಬಳಸಿದವರೇ ಕಟ್ಟುವಂತೆ ಮಾಡುವುದು ಸುಲಭ. ಒಪ್ಪಿಗೆ ಕೈಗೆ ಬರುವವರೆಗೆ ಕಾರು ಬುಕ್ ಮಾಡಬೇಡಿ.

ಬಾಡಿಗೆ ಮನೆ. ಕಾರು ರಸ್ತೆಯಲ್ಲೇ ನಿಲ್ಲುತ್ತೆ.

ಸದ್ಯಕ್ಕೆ ಬೇಡ. ಆಫೀಸಿನಲ್ಲಿ ಖಾತ್ರಿಯಾಗಿ ಚಾರ್ಜಿಂಗ್ ಇದ್ದರೆ ಮಾತ್ರ ಯೋಚಿಸಿ.

ನಮ್ದು ಮಲೆನಾಡು. ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟೇ ಇರೋದಿಲ್ಲ ಮಾರಾಯ್ರೆ.

ಮರ ಬಿದ್ದು ಲೈನ್ ಹೋದರೆ ಶೃಂಗೇರಿ, ಕೊಪ್ಪ, ಹೊಸನಗರದ ಕಡೆ ಎಷ್ಟು ಹೊತ್ತು ಕತ್ತಲೆ ಅಂತ ಅಲ್ಲಿನವರಿಗೇ ಗೊತ್ತು. ಅಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ. 200 ಕಿ.ಮೀ. ಓಡುವ ಕಾರಿನಲ್ಲಿ ಅರ್ಧ ಅಂದರೆ ನೂರು ಕಿ.ಮೀ., ತಾಲೂಕು ಆಸ್ಪತ್ರೆಗೆ ಹೋಗಿ ಬರಲು ಸಾಕು. ಸಿಡಿಲು ಬಡಿಯುವಾಗ ಪ್ಲಗ್ ತೆಗೆದಿಡಿ. ಮನೆಯಲ್ಲಿ ಇರುವುದು ಒಂದೇ ವಾಹನ ಅಂದರೆ, ಇಂಥ ಊರಿನಲ್ಲಿ ಅದು ಇವಿ ಆಗುವುದು ನನಗೆ ಒಪ್ಪಿಗೆ ಇಲ್ಲ. ಎರಡನೇ ವಾಹನವಾಗಿ ಚೆನ್ನಾಗಿ ಹೊಂದುತ್ತದೆ.

ಸೋಲಾರ್ ಹಾಕಿಸಿದರೆ ಕಾರು ಬಿಟ್ಟಿ ಓಡುತ್ತಾ?

ಬಿಟ್ಟಿ ಅಲ್ಲ, ಮುಂಗಡ ಕೊಟ್ಟ ಹಾಗೆ. 3 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ ಹನ್ನೆರಡು ಯೂನಿಟ್ ಕೊಡುತ್ತದೆ, ತಿಂಗಳಿಗೆ 350ರ ಹತ್ತಿರ. ಮನೆಗೂ ಕಾರಿಗೂ ಸಾಕು. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ನೆಟ್ ಮೀಟರ್ ಇದ್ದರೆ ಹಗಲೇ ಚಾರ್ಜ್ ಮಾಡಬೇಕು ಅಂತಿಲ್ಲ. ಹಗಲು ಕೊಟ್ಟದ್ದು, ರಾತ್ರಿ ತೆಗೆದುಕೊಂಡದ್ದು ಬಿಲ್‌ನಲ್ಲಿ ಹೊಂದಿಕೆಯಾಗುತ್ತದೆ.

## ದೂರದ ದಾರಿ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದ ಚಾರ್ಜ್‌ನ್ಯಾಗ ಬರಾಕ ಆಗ್ತದೇನ್ರೀ?

ಸುಮಾರು 410 ಕಿ.ಮೀ. ದೂರ. ಮಹೀಂದ್ರಾದ 79 ಕಿಲೋವ್ಯಾಟ್ ಅವರ್ ಬ್ಯಾಟರಿಯಂಥ ದೊಡ್ಡ ಕಾರಿನಲ್ಲಿ, ಹದವಾದ ವೇಗದಲ್ಲಿ ಆಗ್ತದ. 45ರ ಬ್ಯಾಟರಿಗೆ ನಡುವೆ ಒಂದು ಸಲ ನಿಲ್ಲಬೇಕು. ಚಿತ್ರದುರ್ಗ ಸರಿಯಾಗಿ ಅರ್ಧ ದಾರಿ. 30ರ ಬ್ಯಾಟರಿಯಲ್ಲಿ ಎರಡು ನಿಲುಗಡೆ.

50–60 ಕಿಲೋವ್ಯಾಟ್ ಚಾರ್ಜರ್‌ನಲ್ಲಿ ಬ್ಯಾಟರಿ ಇಪ್ಪತ್ತರಿಂದ ಎಂಬತ್ತು ಪರ್ಸೆಂಟ್‌ಗೆ ಬರಲು ಮುಕ್ಕಾಲು ಗಂಟೆ ಹಿಡಿಯಿರಿ. ಎಂಬತ್ತು ದಾಟಿದ ಮೇಲೆ ಕಾಯಬೇಡಿ. ಕೊನೆಯ ಇಪ್ಪತ್ತು ತುಂಬುವುದು, ತುಂಬಿದ ಬಸ್ಸಿಗೆ ಇನ್ನೂ ಹತ್ತು ಜನರನ್ನು ಹತ್ತಿಸಿದಂತೆ, ಬಹಳ ನಿಧಾನ.

ಈ ದಾರಿಯಲ್ಲಿ ಒಂದು ವಿಶೇಷ ಇದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆಷಾಢದ ಗಾಳಿ ಪಶ್ಚಿಮದಿಂದ ಬೀಸುವಾಗ ಹುಬ್ಬಳ್ಳಿ ಕಡೆ ಹೋಗುವ ಕಾರಿಗೆ ಅದು ಎದುರು ಗಾಳಿ. ಬರುವಾಗ ಸಿಕ್ಕ ದೂರ ಹೋಗುವಾಗ ಸಿಗುವುದಿಲ್ಲ.

ಶಿರಾಡಿ ಘಾಟಿ ಹತ್ತುತ್ತಾ?

ಹತ್ತುತ್ತದೆ, ಅದೂ ಸಲೀಸಾಗಿ. ಎಳೆಯುವ ಶಕ್ತಿಗೆ ಕೊರತೆ ಇಲ್ಲ. ಖರ್ಚಿನ ಲೆಕ್ಕ ಮಾತ್ರ ಗೊತ್ತಿರಲಿ. ಜನರೂ ಸೇರಿ 1,700 ಕೆ.ಜಿ. ತೂಗುವ ಕಾರು 800 ಮೀಟರ್ ಮೇಲೇರಲು ಮಾಮೂಲಿ ಓಟದ ಖರ್ಚಿನ ಮೇಲೆ ಸುಮಾರು 4 ಯೂನಿಟ್ ಬೇಕು. ಅಂದರೆ ಇಪ್ಪತ್ತೈದು ಕಿ.ಮೀ. ಓಡುವಷ್ಟು. ಇಳಿಯುವಾಗ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ಯಾಟರಿಗೆ ವಾಪಸ್ ಬರುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ. ಹಾಗಾಗಿ ಮಂಗಳೂರಿಗೆ ಹೋಗುವಾಗ ಸಿಗುವ ದೂರ ಬರುವಾಗ ಸಿಗುವುದಿಲ್ಲ. ಘಾಟಿ ಹತ್ತುವ ಮೊದಲು ಉಪ್ಪಿನಂಗಡಿ ಆಸುಪಾಸಿನಲ್ಲೇ ಚಾರ್ಜ್ ನೋಡಿಕೊಳ್ಳಿ.

ಮಡಿಕೇರಿಯಂಥ ಎತ್ತರದ ಊರಿನಲ್ಲಿ ರಾತ್ರಿ ಉಳಿದರೆ ನೂರಕ್ಕೆ ನೂರು ತುಂಬಿಸಿ ಇಳಿಯಬೇಡಿ. ತುಂಬಿದ ಬ್ಯಾಟರಿ ವಾಪಸ್ ಬರುವ ಕರೆಂಟನ್ನು ತೆಗೆದುಕೊಳ್ಳುವುದಿಲ್ಲ. ಆಗ ಕಾಲೆತ್ತಿದರೂ ಕಾರು ತಾನಾಗಿ ನಿಧಾನ ಆಗುವುದಿಲ್ಲ, ಎಲ್ಲ ಭಾರ ಬ್ರೇಕ್ ಮೇಲೆ. ತೊಂಬತ್ತಕ್ಕೆ ನಿಲ್ಲಿಸಿ.

ಚಾರ್ಜರ್ ಹತ್ತಿರ ಹೋದಾಗ ಕೆಟ್ಟಿದ್ದರೆ?

ಆಗುತ್ತದೆ. ಇವಿ ಇಟ್ಟುಕೊಂಡವರ ದೊಡ್ಡ ಸಿಟ್ಟು ಇದೇ, ಮತ್ತು ಆ ಸಿಟ್ಟು ನ್ಯಾಯವಾದದ್ದು. ಸಾರ್ವಜನಿಕ ಚಾರ್ಜರ್‌ಗಳಲ್ಲಿ ಕರ್ನಾಟಕ ದೇಶದಲ್ಲೇ ಮುಂಚೂಣಿಯಲ್ಲಿದೆ. ಆದರೆ ಬಹುಪಾಲು ಇರುವುದು ಬೆಂಗಳೂರಿನಲ್ಲೇ. ಕಲಬುರಗಿ, ಯಾದಗಿರಿ, ಬೀದರ್ ಕಡೆ ಹೋಗುವವರಿಗೆ ಆ ಹೆಮ್ಮೆಯಿಂದ ಏನೂ ಸಿಗದು. ಒಂದೊಂದು ಕಂಪನಿಗೆ ಒಂದೊಂದು ಆ್ಯಪ್, ಒಂದೊಂದು ವ್ಯಾಲೆಟ್.

ಹೊರಡುವ ಮೊದಲು ಬೆಸ್ಕಾಂನ ಇವಿ ಮಿತ್ರ ಮತ್ತು ಇನ್ನೆರಡು ಆ್ಯಪ್ ಹಾಕಿಕೊಂಡು ದುಡ್ಡು ತುಂಬಿಸಿಡಿ. ಒಂದೇ ಚಾರ್ಜಿಂಗ್ ಗನ್ (ಕಾರಿಗೆ ಚುಚ್ಚುವ ಕೇಬಲ್) ಇರುವ ಜಾಗ ನಂಬಬೇಡಿ, ನಾಲ್ಕು ಇರುವ ಕಡೆ ಹೋಗಿ. ಎರಡನೇ ಚಾರ್ಜರ್‌ಗೆ ತಲುಪುವಷ್ಟು ಉಳಿಸಿಕೊಂಡೇ ಮೊದಲನೆಯದಕ್ಕೆ ಹೋಗಿ. ಕೊನೆಯ ದಾರಿ ಹೋಟೆಲಿನ ಅಥವಾ ನೆಂಟರ ಮನೆಯ 16 ಆಂಪ್ ಪ್ಲಗ್. ಕಾರಿನ ಜೊತೆ ಬಂದ ಕೇಬಲ್ ಸದಾ ಡಿಕ್ಕಿಯಲ್ಲಿ ಇರಲಿ.

## ಬ್ಯಾಟರಿ, ಪರಿಸರ, ಸೆಕೆಂಡ್ ಹ್ಯಾಂಡ್

ಎಂಟು ವರ್ಷ ಆದ ಮೇಲೆ ಬ್ಯಾಟರಿ ಸತ್ತರೆ ಕಾರು ಗುಜರಿಗೇ ಅಲ್ವಾ?

ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ಅನ್ನುವುದು ವಾರಂಟಿ, ಆಯಸ್ಸಲ್ಲ. ಬ್ಯಾಟರಿ ಒಂದು ದಿನ ಫಟ್ ಅಂತ ಸಾಯುವುದು ಅಪರೂಪ. ವರ್ಷ ವರ್ಷ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. ಮೊದಲು 200 ಓಡುತ್ತಿದ್ದದ್ದು 160ಕ್ಕೆ ಬರಬಹುದು. ಕೆಟ್ಟಾಗಲೂ ಎಷ್ಟೋ ಸಲ ಒಂದೆರಡು ಮಾಡ್ಯೂಲ್ ಬದಲಿಸಿದರೆ ಸಾಕಾಗುತ್ತದೆ.

ಪೂರ್ತಿ ಬದಲಿಸಬೇಕಾಗಿ ಬಂದರೆ ಮಾತ್ರ ಅದು ಕಾರಿನ ಬೆಲೆಯ ದೊಡ್ಡ ಪಾಲು. ವಾರಂಟಿ ಮುಗಿದ ಮೇಲೆ ಆ ಭಾರ ನಿಮ್ಮದು. ಮರುಮಾರಾಟದ ಬೆಲೆ ಪೆಟ್ರೋಲ್ ಕಾರಿಗಿಂತ ಬೇಗ ಇಳಿಯುವುದು ಇದೇ ಭಯಕ್ಕೆ. ಮೂರು, ನಾಲ್ಕು ವರ್ಷಕ್ಕೆ ಕಾರು ಬದಲಿಸುವ ಅಭ್ಯಾಸ ಇದ್ದವರಿಗೆ ಇವಿ ಲಾಭ ಅಲ್ಲ. ಒಂದೇ ಕಾರನ್ನು ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಲಾಭ.

ದಿನಾ ನೂರು ತುಂಬಿಸಬೇಕಾ, ಎಂಬತ್ತಕ್ಕೆ ನಿಲ್ಲಿಸಬೇಕಾ?

ಒಳಗಿರುವ ಸೆಲ್ ಯಾವುದು ಅಂತ ಕೇಳಿ. ಟಾಟಾ, ಎಂಜಿ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಎಲ್‌ಎಫ್‌ಪಿ. ಅದನ್ನು ಆಗಾಗ ನೂರಕ್ಕೆ ತುಂಬಿಸಲೇಬೇಕು, ಇಲ್ಲವಾದರೆ ಎಷ್ಟು ಉಳಿದಿದೆ ಅನ್ನುವ ಲೆಕ್ಕ ಕಾರಿಗೇ ತಪ್ಪುತ್ತದೆ. ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್‌ನಂಥ ಕಾರುಗಳಲ್ಲಿ ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೆಲ್). ಅದಕ್ಕೆ ದಿನಬಳಕೆಗೆ ಎಂಬತ್ತು ಸಾಕು, ದೂರ ಹೋಗುವ ಹಿಂದಿನ ರಾತ್ರಿ ಮಾತ್ರ ನೂರು. ಯಾವುದೇ ಆದರೂ ಬಿಸಿಲಿನಲ್ಲಿ ಕಾದ ಕಾರನ್ನು ತಕ್ಷಣ ಫಾಸ್ಟ್ ಚಾರ್ಜ್‌ಗೆ ಹಾಕದಿರುವುದು ಒಳ್ಳೆಯದು. ರಾಯಚೂರಿನ ಮೇ ತಿಂಗಳಲ್ಲಿ ಇದು ಇನ್ನೂ ಮುಖ್ಯ.

ಕರೆಂಟು ಕಲ್ಲಿದ್ದಲಿಂದ ತಾನೇ ಬರೋದು? ಪರಿಸರಕ್ಕೆ ಏನು ಉಪಯೋಗ?

ದೇಶದ ಸರಾಸರಿ ಹಿಡಿದರೆ ಒಂದು ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕಿ.ಮೀ.ಗೆ ಸುಮಾರು 110 ಗ್ರಾಂ ಆಯಿತು. ತಂತಿಯಲ್ಲಿ ಪೋಲಾಗುವುದು ಸೇರಿಸಿದರೆ ಇನ್ನೂ ಸ್ವಲ್ಪ ಜಾಸ್ತಿ. ಪೆಟ್ರೋಲ್ ಲೀಟರಿಗೆ 2.3 ಕೆ.ಜಿ., ಅಂದರೆ ಕಿ.ಮೀ.ಗೆ 150 ಗ್ರಾಂ. ವ್ಯತ್ಯಾಸ ಇದೆ, ಆದರೆ ಜಾಹೀರಾತು ಹೇಳುವಷ್ಟು ದೊಡ್ಡದಲ್ಲ. ಬ್ಯಾಟರಿ ತಯಾರಿಸುವಾಗಲೇ ಒಂದಷ್ಟು ಹೊಗೆ ಆಗಿರುತ್ತದೆ. ಕಡಿಮೆ ಓಡಿಸುವವರ ಇವಿ ಆ ಸಾಲ ತೀರಿಸಲು ಬಹಳ ವರ್ಷ ಹಿಡಿಯುತ್ತದೆ.

ಕರ್ನಾಟಕದಲ್ಲಿ ಪರಿಸ್ಥಿತಿ ಉತ್ತಮ. ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನ ಜೊತೆಗೆ ಶರಾವತಿಯ ನೀರು, ಕೈಗಾದ ಅಣುವಿದ್ಯುತ್, ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್, ಚಿತ್ರದುರ್ಗ ಮತ್ತು ಗದಗದ ಗಾಳಿ ಎಲ್ಲ ಸೇರುತ್ತದೆ. ಪೆಟ್ರೋಲ್ ಕಾರು ಹಳೆಯದಾದಂತೆ ಹೊಗೆ ಜಾಸ್ತಿ. ಇವಿಯ ಲೆಕ್ಕ ಗ್ರಿಡ್ ಶುದ್ಧವಾದಂತೆ ತಾನೇ ಕಡಿಮೆಯಾಗುತ್ತದೆ. ಇನ್ನು, ಸಿಗ್ನಲ್‌ನಲ್ಲಿ ನಿಂತ ಟ್ರಾಫಿಕ್ ಪೊಲೀಸರ ಮೂಗಿಗೆ ಹೊಗೆ ಹೋಗುವುದಿಲ್ಲ ಅನ್ನುವುದು ನನಗೆ ಸಣ್ಣ ವಿಷಯ ಅಲ್ಲ. ನಿಜಕ್ಕೂ ಪರಿಸರಕ್ಕೆ ಒಳ್ಳೆಯದು ಮಾಡಬೇಕು ಅಂದರೆ ಮೆಟ್ರೋ, ಬಸ್ಸು ಇವಿಗಿಂತ ಮೇಲು. ಇದನ್ನು ಇವಿ ಇಷ್ಟಪಡುವವರೂ ಒಪ್ಪಲೇಬೇಕು.

ಮಂಡ್ಯದಲ್ಲಿ ಲಿಥಿಯಂ ಸಿಕ್ಕಿದೆಯಂತೆ. ಇನ್ಮೇಲೆ ಬ್ಯಾಟರಿ ಅಗ್ಗ ಆಗುತ್ತಾ?

ಅದಕ್ಕಾಗಿ ಕಾಯಬೇಡಿ. ಮಂಡ್ಯ ಜಿಲ್ಲೆಯ ಮರ್ಲಗಲ್ಲದ ಹತ್ತಿರ ಅಣುಖನಿಜ ನಿರ್ದೇಶನಾಲಯ ಪ್ರಾಥಮಿಕವಾಗಿ ಅಂದಾಜಿಸಿದ್ದು 1,600 ಟನ್. ಕಾರು ಉದ್ಯಮದ ಅಗತ್ಯಕ್ಕೆ ಅದು ಬಹಳ ಚಿಕ್ಕದು. ಬಂಡೆಯಿಂದ ಲಿಥಿಯಂ ತೆಗೆದು ಶುದ್ಧ ಮಾಡುವುದೇ ಬೇರೆ ದೊಡ್ಡ ಕೆಲಸ.

ಮೂರು ವರ್ಷದ ಸೆಕೆಂಡ್ ಹ್ಯಾಂಡ್ ಇವಿ ಅರ್ಧ ಬೆಲೆಗೆ ಸಿಗುತ್ತಿದೆ. ತಗೊಳ್ಳಲಾ?

ಹೊಸ ಕಾರಿನ ಬೆಲೆ ಇಳಿಕೆಯ ಹೊಡೆತವನ್ನು ಮೊದಲನೆಯವರು ತಿಂದಿದ್ದಾರೆ. ನಿಮಗೆ ಅದು ಲಾಭ. ತಿಂಗಳಿಗೆ ಕಡಿಮೆ ಓಡಿಸುವವರಿಗೂ ದುಡ್ಡಿನ ಲೆಕ್ಕ ಕೂಡಿ ಬರುವುದು ಇಲ್ಲಿ ಮಾತ್ರ. ಆದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬೇಡಿ.

ಬ್ಯಾಟರಿ ವಾರಂಟಿ ಎರಡನೇ ಮಾಲೀಕರಿಗೆ ದಾಟುತ್ತದಾ ಅಂತ ಬರಹದಲ್ಲಿ ಕೇಳಿ. ಜೀವಮಾನದ ವಾರಂಟಿ ಅಂತ ಹೇಳಿದ್ದು ಎಷ್ಟೋ ಸಲ ಮೊದಲ ಮಾಲೀಕರಿಗಷ್ಟೇ. ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ಆರೋಗ್ಯದ ವರದಿ ತೆಗೆಸಿ. ಕಾರನ್ನು ಮೇಲೆತ್ತಿಸಿ ಕೆಳಗೆ ನೋಡಿ. ನಮ್ಮ ಹಂಪ್‌ಗಳಿಗೆ ಬ್ಯಾಟರಿ ಪೆಟ್ಟಿಗೆ ಉಜ್ಜಿ ಜಜ್ಜಿದ್ದರೆ ಕಂಪನಿ ವಾರಂಟಿ ಕೊಡಲು ಒಪ್ಪದಿರಬಹುದು. ಚಾರ್ಜಿಂಗ್ ಕೇಬಲ್ ಜೊತೆಗಿದೆಯಾ, ಬ್ಯಾಟರಿ ಬಾಡಿಗೆಯದ್ದಾ ಅನ್ನುವುದನ್ನೂ ಖಚಿತ ಮಾಡಿಕೊಳ್ಳಿ.

ಇನ್ನೊಂದು ಪರೀಕ್ಷೆ ನೀವೇ ಮಾಡಬಹುದು. ಕಾರನ್ನು ಇಪ್ಪತ್ತು ಪರ್ಸೆಂಟ್‌ಗೆ ಇಳಿಸಿ, ಮನೆಯ ಪ್ಲಗ್‌ನಲ್ಲಿ ನೂರಕ್ಕೆ ತುಂಬಿಸಿ, ಎಷ್ಟು ಯೂನಿಟ್ ಎಳೆಯಿತು ಅಂತ ಮೀಟರ್ ನೋಡಿ. 30ರ ಬ್ಯಾಟರಿ ಚೆನ್ನಾಗಿದ್ದರೆ ಪೋಲಾಗುವುದೂ ಸೇರಿ 26–27 ಯೂನಿಟ್ ಬೇಕು. 22ಕ್ಕೇ ತುಂಬಿದರೆ ಒಳಗೆ ಉಳಿದಿರುವುದು 25ರ ಬ್ಯಾಟರಿ ಅಂತ ಲೆಕ್ಕ. ಬೆಲೆಯನ್ನೂ ಅದಕ್ಕೆ ತಕ್ಕ ಹಾಗೆ ಇಳಿಸಿ ಕೇಳಿ.